ಧರೆ ಬಿದ್ದ ಭಾನುವಾರ

ಶನಿವಾರ ರಾತ್ರಿ ಒಂದೂವರೆ ಇರಬಹುದು. ನೆಲದೊಳಗಿಂದ ಒಂದು ಸದ್ದು ಬಂತು. ಮಂಚದ ಕಾಲಿಗೆ ತಗುಲಿದ ಹಾಗೆ ಆಯಿತು. ಎದ್ದು ಕೂರುವಷ್ಟರಲ್ಲಿ ಅತ್ತೆ ಪಕ್ಕದ ಕೋಣೆಯಿಂದ ಕೂಗಿದರು, "ಧರೆ ಬಿತ್ತು ಕಣೇ. ಎಲ್ಲಿ ಅಂತ ನೋಡೋಕೆ ಈಗ ಯಾರೂ ಹೋಗಬೇಡಿ." ಧರೆ ಎಂದರೆ ನಮ್ಮ ಕಡೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಬದಿ.

ಕರೆಂಟ್ ಶುಕ್ರವಾರವೇ ಹೋಗಿತ್ತು. ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ ಅದು. ಇವರು ಅಂಗಳದಲ್ಲಿ ಇಟ್ಟಿರುವ ಮಳೆ ಅಳೆಯುವ ಡಬ್ಬಿ ಸಂಜೆ ಖಾಲಿ ಮಾಡಿದ್ದು, ಬೆಳಿಗ್ಗೆ ನೋಡಿದರೆ ತುಂಬಿ ಚೆಲ್ಲಿತ್ತು.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಒಳಗೆ ಮೂರು ಕಿಲೋಮೀಟರ್. ಹನ್ನೊಂದು ಮನೆ, ಒಂದೇ ರಸ್ತೆ. ಒಂದು ಕಡೆ ಗುಡ್ಡ ಕಡಿದ ಧರೆ. ಇನ್ನೊಂದು ಕಡೆ ಅಡಿಕೆ ತೋಟ, ಅದರ ಕೆಳಗೆ ಹಳ್ಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ಬೆಂಗಳೂರಿನ ಏಳು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ. ನಮಗೆ ಅದಕ್ಕಿಂತ ಸ್ವಲ್ಪ ಕಡಿಮೆ ಅಷ್ಟೆ. ಹಾಗಾಗಿ ಮಳೆ ಜಾಸ್ತಿ ಬಂತು ಎಂದು ಇಲ್ಲಿ ಯಾರೂ ಹೆದರುವುದಿಲ್ಲ. ರಸ್ತೆ ಮುಚ್ಚಿದರೆ ಮಾತ್ರ ಹೆದರಿಕೆ.

ಈ ವರ್ಷ ಆ ಹೆದರಿಕೆಗೆ ಒಂದು ಲೆಕ್ಕ ಇತ್ತು. ಕೆಳಗಿನಮನೆ ಅಣ್ಣಯ್ಯನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೋಮವಾರ ಮತ್ತು ಗುರುವಾರ, ತೀರ್ಥಹಳ್ಳಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಅವರ ಜೀಪು ನಮ್ಮ ಮನೆ ಮುಂದೆ ಹೋಗುತ್ತದೆ. ಅಣ್ಣಯ್ಯ ನೀರನ್ನೂ ಅಳೆದು ಕುಡಿಯುತ್ತಾರೆ. ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ. ನಮ್ಮ ಊರಿನ ಮಕ್ಕಳಿಗೂ ಇದು ಗೊತ್ತು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ. ಧರೆ ಬಿದ್ದದ್ದು ಶನಿವಾರ ರಾತ್ರಿ. ನಮ್ಮ ಕೈಯಲ್ಲಿ ಇದ್ದದ್ದು ಭಾನುವಾರ ಒಂದೇ ದಿನ.

ಬೆಳಕು ಹರಿದ ಮೇಲೆ ಇವರು, ನಾನು, ಮೇಲಿನಮನೆ ಭಾವ ಮೂರು ಜನ ಹೊರಟೆವು. ನಮ್ಮ ಗೇಟಿನಿಂದ ಅರ್ಧ ಕಿಲೋಮೀಟರ್ ಹೋದರೆ ಒಂದು ತಿರುವು ಇದೆ. ಆ ತಿರುವೇ ಇರಲಿಲ್ಲ. ಸುಮಾರು ನಲವತ್ತು ಅಡಿ ಉದ್ದಕ್ಕೆ ರಸ್ತೆ ಮೇಲೆ ಕೆಂಪು ಮಣ್ಣು, ಅದರ ನಡುವೆ ನಡುವೆ ಬಿಳಿ ಪಟ್ಟೆ. ಆ ಬಿಳಿ ಮಣ್ಣು ನೋಡಿದ ತಕ್ಷಣ ಭಾವ ನಿಂತುಬಿಟ್ಟರು. ಅದು ಶೇಡಿ. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಗೀರು ಎಳೆಯುವುದಕ್ಕೆ ನಾವು ಅಗೆದು ತರುತ್ತೇವಲ್ಲ, ಅದೇ ಮಣ್ಣು. ಮೇಲೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಅದರ ಅಡಿಗೆ ಶೇಡಿ. ಒಣಗಿದ್ದಾಗ ಗಟ್ಟಿಯಾಗಿ ನಿಂತಿರುತ್ತದೆ. ನೀರು ಒಳಗೆ ಇಳಿದರೆ ಬೆಣ್ಣೆ. ಮೇಲಿನ ಭಾರ ಎಲ್ಲ ಹೊತ್ತುಕೊಂಡು ಜಾರುತ್ತದೆ.

ಮಣ್ಣಿನ ಮೇಲೆ ಎರಡು ಅಕೇಶಿಯಾ ಮರ ಅಡ್ಡ ಬಿದ್ದಿದ್ದವು. ಒಂದರ ಕೊಂಬೆಗೆ ಕರೆಂಟ್ ತಂತಿ ಸುತ್ತಿಕೊಂಡಿತ್ತು. ಕಂಬ ಅರ್ಧಕ್ಕೆ ಬಾಗಿತ್ತು.

2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂತಲ್ಲ, ಅದಾದ ಮೇಲೆ ನಮ್ಮ ಕಡೆ ಯಾರಿಗೂ ಧರೆಯ ಕೆಳಗೆ ಸುಮ್ನೆ ನಿಲ್ಲುವ ಧೈರ್ಯ ಇಲ್ಲ. ಒಂದು ಸಲ ಜರಿದ ಗುಡ್ಡ ಇನ್ನೊಂದು ಸಲ ಜರಿಯಲ್ಲ ಎಂದು ಹೇಳುವುದಕ್ಕೆ ಆಗುವುದಿಲ್ಲ. ನಾವು ಅಲ್ಲಿ ಕಾಲಿಡಲಿಲ್ಲ. ಮೊದಲು ಗುಡ್ಡದಮನೆ ಅಜ್ಜನನ್ನು ಕರೆದುಕೊಂಡು ಬಂದೆವು.

ಅಜ್ಜನಿಗೆ ಎಪ್ಪತ್ತೆಂಟು. ಕಂಬಳಿಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಬಂದರು. ಅಷ್ಟರಲ್ಲಿ ಹುಡುಗರು ಸಲಿಕೆ, ಗುದ್ದಲಿ, ಬಾಂಡ್ಲಿ ಎಲ್ಲ ತಂದು ನಿಂತಿದ್ದರು. ಒಬ್ಬ ಹುಡುಗ ಆಗಲೇ ಮಣ್ಣಿಗೆ ಸಲಿಕೆ ಹಾಕಿದ್ದ. ಅಜ್ಜ ಗದರಿದರು.

"ಹೇ, ನಿಲ್ಲೋ ಮಾರಾಯ. ಮಣ್ಣು ಎಲ್ಲಿಗೂ ಓಡಲ್ಲ. ಮೊದಲು ನೀರು ಎಲ್ಲಿಂದ ಬರ್ತಿದೆ ನೋಡು."

ನಾನು ಈ ಪೋಸ್ಟ್ ಬರೆಯುತ್ತಿರುವುದೇ ಆ ಮಾತಿಗಾಗಿ. ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ನಾಲ್ಕು ವರ್ಷ. ಧರೆ ಬಿದ್ದದ್ದು ನೋಡಿದ್ದೇನೆ, 2019ರ ಆಗಸ್ಟ್ ಮಳೆಯಲ್ಲಿ ಮೂರು ದಿನ ಹೊರಗೆ ಹೋಗದೆ ಕೂತಿದ್ದೇನೆ. ಆದರೆ ರಸ್ತೆ ಬಿಡಿಸುವ ಕೆಲಸ ನೀರಿನಿಂದ ಶುರುವಾಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದ್ದು ಈ ಸಲವೇ.

ಅಜ್ಜ ಇಬ್ಬರು ಹುಡುಗರನ್ನು ಕರೆದುಕೊಂಡು ಜರಿದ ಜಾಗ ಬಿಟ್ಟು, ದೂರದಿಂದ ಸುತ್ತಿ ಗುಡ್ಡ ಹತ್ತಿದರು. ಮುಕ್ಕಾಲು ಗಂಟೆ ಕಾಣಲಿಲ್ಲ. ಕೆಳಗೆ ನಿಂತ ನಾವು ಜರಿದ ಮಣ್ಣಿನ ಬುಡದಲ್ಲಿ ಕೆಂಪು ನೀರು ಇಳಿಯುವುದನ್ನೇ ನೋಡುತ್ತಿದ್ದೆವು. ನಿಧಾನಕ್ಕೆ ಆ ನೀರು ಸಣ್ಣದಾಯಿತು. ಆಮೇಲೆ ಬರೀ ಜಿನುಗು. ಮಳೆ ಮಾತ್ರ ಹಾಗೇ ಇತ್ತು.

ಮೇಲೆ ಆಗಿದ್ದು ಇಷ್ಟು. ಧರೆಯ ನೆತ್ತಿ ಮೇಲೆ, ಹತ್ತು ಮಾರು ಹಿಂದೆ, ಹಳೆಯ ಕಾಲದ ಒಂದು ಅಗಳ ಇದೆ. ಗುಡ್ಡದ ನೀರನ್ನು ಹಿಡಿದು ಪಕ್ಕದ ಕಾಲುವೆಗೆ ಬಿಡುವುದಕ್ಕೆ ತೋಡಿದ್ದು. ಅದರ ತುಂಬ ಅಕೇಶಿಯಾ ಎಲೆ ತುಂಬಿತ್ತು. ಹಲಸಿನ ಎಲೆ, ಮತ್ತಿ ಎಲೆ ಬಿದ್ದರೆ ಒಂದು ಮಳೆಗಾಲಕ್ಕೆ ಕೊಳೆತು ಗೊಬ್ಬರ ಆಗುತ್ತದೆ. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ. ಚಾಪೆ ಹಾಗೆ ಒಂದರ ಮೇಲೊಂದು ಕೂರುತ್ತದೆ. ಅಲ್ಲಿ ಕಟ್ಟಿಕೊಂಡ ನೀರಿಗೆ ಹೋಗಲು ದಾರಿ ಇಲ್ಲದೆ ನೆಲದೊಳಗೆ ಇಳಿದಿದೆ, ಶೇಡಿಗೆ ಮುಟ್ಟಿದೆ. ಅಜ್ಜ ಎಲೆ ಕಿತ್ತು ಅಗಳ ಬಿಡಿಸಿದರು. ನೆತ್ತಿ ಮೇಲೆ ಹೊಸದಾಗಿ ಬಿರುಕು ಇದೆಯಾ ಎಂದು ಪೂರ್ತಿ ನಡೆದು ನೋಡಿದರು. ಇರಲಿಲ್ಲ. ಆಮೇಲೆ ಕೆಳಗೆ ಬಂದು, "ಈಗ ಮಾಡಿ" ಎಂದರು. ಒಬ್ಬ ಹುಡುಗನನ್ನು ಮೇಲೆಯೇ ನಿಲ್ಲಿಸಿ ಬಂದಿದ್ದರು. ಸಣ್ಣ ಕಲ್ಲು ಉರುಳಿದರೂ ಕೂಗು ಹಾಕುವುದು ಅವನ ಕೆಲಸ. ಸಂಜೆವರೆಗೂ ಸರದಿ ಮೇಲೆ ಯಾರಾದರೂ ಒಬ್ಬರು ಅಲ್ಲಿ ನಿಂತಿದ್ದರು.

ಆ ಅಗಳವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಊರಿನವರೇ ಬಿಡಿಸುತ್ತಿದ್ದರು. ರಸ್ತೆ ಬದಿಯ ಚರಂಡಿಯೂ ಅಷ್ಟೆ. ಮನೆಗೊಬ್ಬರ ಹಾಗೆ ಬಂದು ಒಂದು ಬೆಳಿಗ್ಗೆ ಕೆಲಸ, ಮಧ್ಯಾಹ್ನ ಒಂದು ಮನೆಯಲ್ಲಿ ಊಟ. ಈ ವರ್ಷ ಮಾಡಲಿಲ್ಲ. ಹೋದ ವರ್ಷವೂ ಮಾಡಲಿಲ್ಲ. ಮೇ ತಿಂಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶ. ಹುಡುಗರು ಬೆಂಗಳೂರಿನಿಂದ ಎರಡು ದಿನಕ್ಕೆ ಬರುತ್ತಾರೆ, ಹೋಗುತ್ತಾರೆ. ಹನ್ನೊಂದು ಮನೆಯಲ್ಲಿ ಐದು ಮನೆಗಳಲ್ಲಿ ಈಗ ಅರವತ್ತು ದಾಟಿದ ಇಬ್ಬರೇ ಇದ್ದಾರೆ. ನಾನೂ ಈ ವರ್ಷ ಯಾರಿಗೂ ನೆನಪು ಮಾಡಲಿಲ್ಲ. ಭಾನುವಾರ ಪೂರ್ತಿ ಅದು ನನ್ನನ್ನು ಚುಚ್ಚುತ್ತಿತ್ತು.

ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಈ ರಸ್ತೆ ಅಗಲ ಮಾಡಿದರು. ಹಳೆಯ ಧರೆ ಇಳಿಜಾರಾಗಿತ್ತು, ಮಧ್ಯೆ ಮೆಟ್ಟಿಲಿನ ಹಾಗೆ ಒಂದು ಹಂತ ಇತ್ತು, ಹುಲ್ಲು, ಜರಿಗಿಡ ಎಲ್ಲ ಹಿಡಿದಿತ್ತು. ಮಷಿನ್ ಬಂದು ಗೋಡೆ ಹಾಗೆ ನೇರ ಕಡಿದು ಹೋಯಿತು. ಆಗ ಅಜ್ಜ ಹೇಳಿದ್ದರು, ಇದು ನಿಲ್ಲಲ್ಲ ಅಂತ. ಅಗಲ ರಸ್ತೆ ಸಿಕ್ಕಿತಲ್ಲ ಎನ್ನುವ ಖುಷಿಯಲ್ಲಿ ನಾವು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಜಾಸ್ತಿ ಕಡಿದಿದ್ದು ಅದೇ ತಿರುವಿನಲ್ಲಿ.

ಸರಿ, ಕೆಲಸಕ್ಕೆ ಬರುತ್ತೇನೆ. ತಂತಿ ಇತ್ತಲ್ಲ, ಅದನ್ನು ಮುಟ್ಟುವ ಹಾಗಿರಲಿಲ್ಲ. ಊರಿಗೆಲ್ಲ ಕರೆಂಟ್ ಇಲ್ಲ ಅಂದ ಮಾತ್ರಕ್ಕೆ ಆ ತಂತಿಯಲ್ಲಿ ಇಲ್ಲ ಎಂದು ಅಲ್ಲ. ಬೇರೆ ಕಡೆಯಿಂದ ಲೈನ್ ಬಂದಿರಬಹುದು, ಯಾರದೋ ಮನೆಯ ಜನರೇಟರ್‌ನಿಂದ ವಾಪಸ್ ಬರಬಹುದು. ಭಾವನ ಮಗ ತೋಟದ ದಾರಿಯಲ್ಲಿ ಇಳಿದು, ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಿ, ಮುಖ್ಯ ರಸ್ತೆಗೆ ನಡೆದುಹೋದ. ಅಲ್ಲಿ ಲೈನ್‌ಮನ್ ಸಿಕ್ಕಿದರು. ಅವರು ಬಂದಾಗ ಹತ್ತು ಗಂಟೆ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊಣಕಾಲಿನವರೆಗೂ ರಕ್ತ ಹೀರುವ ಉಂಬಳ ಹತ್ತಿದ್ದವು. ಲೈನ್ ಆಫ್ ಆಗಿದೆ ಎಂದು ಖಾತ್ರಿ ಮಾಡಿ, ತಂತಿ ಕತ್ತರಿಸಿ ಬದಿಗೆ ಸುತ್ತಿಟ್ಟರು. ಅತ್ತೆ ಕೊಟ್ಟು ಕಳಿಸಿದ್ದ ಬಿಸಿ ಕಷಾಯ ಎರಡು ಲೋಟ ನಿಂತಲ್ಲೇ ಕುಡಿದು ಮುಂದಿನ ಊರಿಗೆ ಹೊರಟುಬಿಟ್ಟರು. ಇಂಥವರನ್ನು ಮಳೆಗಾಲದಲ್ಲಿ ಫೋನಿನಲ್ಲಿ ಬೈಯುವವರು ಒಂದು ದಿನ ಅವರ ಜೊತೆ ನಡೆಯಬೇಕು.

ಮರ ಕೊಯ್ಯುವ ಮಷಿನ್ ನಮ್ಮ ಊರಿನಲ್ಲಿ ಒಂದೇ ಇದೆ. ಬಿದ್ದ ಮರ ಕೊಯ್ಯುವುದು ನಿಂತ ಮರ ಕೊಯ್ಯುವುದಕ್ಕಿಂತ ಕಷ್ಟ. ಬಾಗಿ ಒತ್ತಡದಲ್ಲಿ ಇರುವ ಕಾಂಡಕ್ಕೆ ತಪ್ಪು ಕಡೆಯಿಂದ ಹಲ್ಲು ಕೊಟ್ಟರೆ ಅದು ಸಿಡಿಯುತ್ತದೆ, ಇಲ್ಲವೇ ಮಷಿನ್ನನ್ನೇ ಕಚ್ಚಿ ಹಿಡಿಯುತ್ತದೆ. ಬುಡದಲ್ಲಿ ಬೇರಿನ ಜೊತೆ ಮಣ್ಣಿನ ದೊಡ್ಡ ಮುದ್ದೆ ಎದ್ದಿರುತ್ತದಲ್ಲ, ಕಾಂಡ ಕತ್ತರಿಸಿದ ಕೂಡಲೇ ಅದು ತಟ್ಟನೆ ವಾಪಸ್ ಕೂರುವುದೂ ಉಂಟು. ಅದರ ಹಿಂದೆ ಯಾರೂ ನಿಲ್ಲಬಾರದು. ಭಾವ ತುದಿಯಿಂದ ಶುರು ಮಾಡಿ ಸಣ್ಣ ಸಣ್ಣ ತುಂಡು ಮಾಡಿದರು. ದಿಮ್ಮಿಗಳನ್ನು ಅಲ್ಲೇ ರಸ್ತೆ ಬದಿಗೆ ಒಟ್ಟಿದೆವು. ಅದು ಅರಣ್ಯ ಇಲಾಖೆಯ ಮರ, ಅವರು ಬಂದು ನೋಡುತ್ತಾರೆ. ಮನೆಗೆ ಯಾರೂ ಒಂದು ಕಡ್ಡಿ ಒಯ್ಯಲಿಲ್ಲ.

ಆಮೇಲೆ ಮಣ್ಣು. ಜೆಸಿಬಿ ಸಿಗುವುದಿಲ್ಲ ಎಂದು ಗೊತ್ತಿತ್ತು, ಇದ್ದದ್ದೆಲ್ಲ ದೊಡ್ಡ ರಸ್ತೆಯ ಕೆಲಸಕ್ಕೆ ಹೋಗಿದ್ದವು. ಹಾಗಾಗಿ ಪೂರ್ತಿ ರಸ್ತೆ ಬಿಡಿಸುವ ಆಸೆ ಬಿಟ್ಟು, ಒಂದು ಜೀಪು ಹೋಗುವಷ್ಟು ಏಳು ಅಡಿ ಅಗಲ ಮಾತ್ರ ಎಂದು ತೀರ್ಮಾನ ಮಾಡಿದೆವು. ಇವರು ಲೆಕ್ಕ ಹಾಕಿದರು. ನಲವತ್ತು ಅಡಿ ಉದ್ದ, ಏಳು ಅಡಿ ಅಗಲ, ಮೂರು ಅಡಿ ಎತ್ತರ. ಎಂಟು ಟ್ರ್ಯಾಕ್ಟರ್ ಲೋಡಿಗಿಂತ ಜಾಸ್ತಿ. ಹದಿನಾಲ್ಕು ಜನ ಇದ್ದೆವು, ಅದರಲ್ಲಿ ಹೆಂಗಸರು ಐದು.

ಅಲ್ಲಿ ಒಂದು ಸಣ್ಣ ಜಗಳ ಆಯಿತು. ಮಣ್ಣನ್ನು ಕೆಳಗಿನ ತೋಟದ ಕಡೆಗೆ ತಳ್ಳಿಬಿಡೋಣ, ಬೇಗ ಮುಗಿಯುತ್ತದೆ ಎಂದು ಹುಡುಗರು. ಬೇಡವೇ ಬೇಡ ಎಂದು ಅಜ್ಜ. ರಸ್ತೆಯ ಅಂಚಿಗೆ ಭಾರ ಹಾಕಿದರೆ ಅಂಚೇ ಕುಸಿಯುತ್ತದೆ. ಮಣ್ಣು ಹಳ್ಳಕ್ಕೆ ಇಳಿದರೆ ಮುಂದಿನ ಮೋರಿ ಕಟ್ಟುತ್ತದೆ, ನೀರು ಇನ್ನೊಬ್ಬರ ಗದ್ದೆಗೆ ನುಗ್ಗುತ್ತದೆ. ಕೊನೆಗೆ ಅಜ್ಜ ಹೇಳಿದ ಹಾಗೇ ಆಯಿತು. ಇಪ್ಪತ್ತು ಮಾರು ಆಚೆ ಇರುವ ಹಳೆಯ ಕಣಕ್ಕೆ ಬಾಂಡ್ಲಿಯಲ್ಲಿ ಹೊತ್ತೆವು. ಸಾಲಾಗಿ ನಿಂತು ಕೈಯಿಂದ ಕೈಗೆ. ಒದ್ದೆ ಮಣ್ಣು ಒಂದು ಬಾಂಡ್ಲಿ ಎಷ್ಟು ಭಾರ ಎನ್ನುವುದು ಹೊತ್ತವರಿಗೇ ಗೊತ್ತು. ಶೇಡಿ ಅಂತೂ ಸಲಿಕೆಗೆ ಅಂಟಿದರೆ ಬಿಡುವುದಿಲ್ಲ. ಪ್ರತಿ ಸಲ ಕಾಲಿನಿಂದ ಕೆರೆಯಬೇಕು.

ಮಧ್ಯಾಹ್ನ ಕೆಳಗಿನಮನೆ ಅತ್ತಿಗೆ ಊಟ ತಂದರು. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ, ಕಳಲೆ ಪಲ್ಯ. ಹನ್ನೊಂದು ಮನೆಯವರಿಗೆ ಒಬ್ಬರೇ ಮಾಡಿದ್ದರು. ಕೊಡೆ ಕೆಳಗೆ ನಿಂತು ಬಡಿಸುತ್ತ, "ನಮ್ಮಿಂದ ನಿಮಗೆಲ್ಲ ಎಷ್ಟು ತೊಂದರೆ ಆಯ್ತಲ್ಲ" ಎಂದರು. ಅಜ್ಜ ತಲೆ ಎತ್ತದೆ, "ರಸ್ತೆ ನಿಮ್ಮ ಒಬ್ಬರದಾ? ಇನ್ನೊಂದು ಹಪ್ಪಳ ಹಾಕು ತಂಗಿ" ಎಂದರು. ಅತ್ತಿಗೆ ಆ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸಂಜೆ ಆರೂವರೆಗೆ ದಾರಿ ಆಯಿತು. ಮಣ್ಣು ತೆಗೆದ ಮೇಲೂ ನೆಲ ಜಾರುತ್ತಿತ್ತು. ನಾಲ್ಕು ಚೀಲ ಒಣ ಅಡಿಕೆ ಸಿಪ್ಪೆ ತಂದು ಹರಡಿದೆವು. ಜಾಸ್ತಿ ಕೆಸರು ಇದ್ದ ಕಡೆ ಅಡಿಕೆ ಮರ ಸೀಳಿದ ದಬ್ಬೆ ಅಡ್ಡ ಹಾಸಿ, ಮೇಲೆ ಜಂಬಿಟ್ಟಿಗೆ ಚೂರು ಹಾಕಿದೆವು. ಒಳಬದಿಯಲ್ಲಿ ಒಂದು ಗುದ್ದಲಿ ಅಗಲದ ಚರಂಡಿ ತೆಗೆದೇ ಅಜ್ಜ ಮನೆಗೆ ಹೊರಟಿದ್ದು. ರಾತ್ರಿ ಬಚ್ಚಲ ಒಲೆ ಮುಂದೆ ಕೂತು ನಾನು ಕಾಲಿನಿಂದ ಹದಿನೇಳು ಉಂಬಳ ತೆಗೆದೆ.

ಸೋಮವಾರ ಜೀಪು ಹೋಯಿತು. ಆ ನಲವತ್ತು ಅಡಿಯನ್ನು ಅಣ್ಣಯ್ಯ ಜೀಪಿನಲ್ಲಿ ಕೂತು ದಾಟಲಿಲ್ಲ. ಖಾಲಿ ಜೀಪು ಮೊದಲು ದಾಟಲಿ ಎಂದು ಇಳಿದು, ಮಗನ ಹೆಗಲು ಹಿಡಿದು ದಬ್ಬೆ ಮೇಲೆ ನಿಧಾನ ನಡೆದರು. ನಡುವೆ ನಿಂತು ಧರೆ ಕಡೆ ಒಮ್ಮೆ ನೋಡಿದರು.

ಮಂಗಳವಾರ ನೆಟ್‌ವರ್ಕ್ ಬಂತು. ತಂಗಿಗೆ ಫೋನ್ ಮಾಡಿದೆ. ಅವಳು ಅಮೆರಿಕದ ಬಫಲೋದಲ್ಲಿದ್ದಾಳೆ. ನಾನು ಮಣ್ಣಿನ ಕಥೆ ಹೇಳಿದರೆ ಅವಳು ಹಿಮದ ಕಥೆ ಹೇಳಿದಳು. ಅಲ್ಲಿ ಈರಿ ಎಂಬ ದೊಡ್ಡ ಸರೋವರ ಇದೆ. ಚಳಿಗಾಲದ ಗಾಳಿ ಅದರ ಮೇಲೆ ಬೀಸಿ, ನೀರಿನ ಪಸೆ ಹೊತ್ತು ತಂದು ಊರಿನ ಮೇಲೆ ಹಿಮ ಸುರಿಯುತ್ತದೆ. ನಮಗೆ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಳೆ ಬಂದ ಹಾಗೆ. 2022ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ, ಅಲ್ಲಿ ಎಂಥ ಹಿಮಗಾಳಿ ಬಂತೆಂದರೆ ಹಿಮ ತೆಗೆಯುವ ಗಾಡಿಗಳೇ ಸಿಕ್ಕಿಬಿದ್ದವು. ಆಂಬುಲೆನ್ಸ್ ಹೋಗುವ ಹಾಗಿರಲಿಲ್ಲ. 40ಕ್ಕೂ ಹೆಚ್ಚು ಜನ ತೀರಿಕೊಂಡರು. ಅವಳು ಆಗಲೂ ಅಲ್ಲೇ ಇದ್ದಳು. ಫೋನಿನಲ್ಲಿ ಆ ದಿನಗಳ ಬಗ್ಗೆ ಮಾತಾಡುವಾಗ ಅವಳ ದನಿ ಈಗಲೂ ಸಣ್ಣದಾಗುತ್ತದೆ.

ಅವಳು ಹೇಳಿದ್ದರಲ್ಲಿ ಒಂದು ವಿಷಯ ನನಗೆ ತುಂಬ ಇಷ್ಟವಾಯಿತು. ಅಲ್ಲಿ ಬೀದಿ ಬದಿಯಲ್ಲಿ ಬೆಂಕಿ ಆರಿಸುವವರಿಗೆ ನೀರು ಕೊಡುವ ನಲ್ಲಿಕಂಬ ಇರುತ್ತವೆ. ಹಿಮದಲ್ಲಿ ಹೂತುಹೋದರೆ ಬೆಂಕಿ ಬಿದ್ದಾಗ ಹುಡುಕುವುದಕ್ಕೆ ಆಗುವುದಿಲ್ಲ. ಹಾಗಾಗಿ ಅಕ್ಕಪಕ್ಕದವರು ತಮ್ಮ ಕಾರು ಬಿಡಿಸಿಕೊಂಡ ಮೇಲೆ ಅದರ ಸುತ್ತಲೂ ಅಗೆದು ಬಿಡಿಸುತ್ತಾರೆ. ನಾನು ಕೂಡಲೇ ಅಗಳ ನೆನೆದೆ. ಯಾರ ಮನೆಯದೂ ಅಲ್ಲದ, ಆದರೆ ಎಲ್ಲರಿಗೂ ಬೇಕಾದ ಜಾಗ.

"ಅಜ್ಜನ ಕೈಯಲ್ಲಿ ಸಲಿಕೆ ಕೊಡಬೇಡಿ ಅಕ್ಕ" ಎಂದಳು ಅವಳು. ಅಲ್ಲಿ ಹಿಮ ಎತ್ತುವಾಗ ವಯಸ್ಸಾದವರಿಗೆ ಹೃದಯಾಘಾತ ಆಗುವುದು ಪ್ರತಿ ಚಳಿಗಾಲದ ಸುದ್ದಿಯಂತೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಅದರ ಮೇಲೆ ಒಮ್ಮೆಲೇ ಭಾರ ಎತ್ತುವುದು. ನಾನು ಭಾವನಿಗೂ ಈ ಮಾತು ದಾಟಿಸಿದ್ದೇನೆ, ಅವರಿಗೂ ಅರವತ್ತಾಯಿತಲ್ಲ. ಆದರೆ ಅವಳ ಊರಿನ ಹಿಮ ಬಿಸಿಲು ಬಂದರೆ ಕರಗಿ ಹೋಗುತ್ತದೆ. ನಮ್ಮ ಮಣ್ಣು ಹೊತ್ತು ಹಾಕಿದಲ್ಲೇ ಕೂತಿರುತ್ತದೆ.

ಜೆಸಿಬಿ ಬುಧವಾರ ಬಂತು. ಉಳಿದ ಮಣ್ಣು ಎರಡು ಗಂಟೆಯಲ್ಲಿ ತೆಗೆಯಿತು. ಧರೆಯನ್ನು ಮತ್ತೆ ನೇರ ಕಡಿಯುವುದಕ್ಕೆ ಹೊರಟಾಗ ನಾವು ಏಳೆಂಟು ಜನ ಎದುರಿಗೆ ನಿಂತು ಬೇಡ ಎಂದೆವು. ಆಪರೇಟರ್ ಹುಡುಗ ಒಳ್ಳೆಯವನು, ಅಜ್ಜನ ಮಾತು ಕೇಳಿದ. ಮೇಲಿನ ಭಾಗ ಹಿಂದಕ್ಕೆ ಇಳಿಜಾರು ಮಾಡಿ, ನಡುವೆ ಒಂದು ಹಂತ ಬಿಟ್ಟುಕೊಟ್ಟ. ಅಲ್ಲಿ ಲಾವಂಚ ನೆಡಬೇಕು. ಅದರ ಬೇರು ಅಡ್ಡ ಹರಡದೆ ನೇರ ಕೆಳಗೆ ಇಳಿಯುತ್ತದೆ, ಮಣ್ಣು ಹಿಡಿಯುತ್ತದೆ. ನಮ್ಮ ತೋಟದ ಅಂಚಿನಲ್ಲಿ ಬೇಕಾದಷ್ಟು ಇದೆ, ಮಳೆ ಇರುವಾಗಲೇ ನೆಟ್ಟರೆ ಹಿಡಿಯುತ್ತದೆ.

ಮುಂದಿನ ಮೇ ತಿಂಗಳ ಎರಡನೇ ಭಾನುವಾರ ಎಂದು ಹನ್ನೊಂದು ಮನೆಯ ಕ್ಯಾಲೆಂಡರಿನಲ್ಲೂ ಬರೆಸಿದ್ದೇನೆ, ಹೊಸ ಕ್ಯಾಲೆಂಡರ್ ಬಂದ ಮೇಲೆ ಮತ್ತೊಮ್ಮೆ ಬರೆಸುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಮದುವೆಗೆ ಬರುವಾಗ ಆ ಒಂದು ಬೆಳಿಗ್ಗೆ ಇಟ್ಟುಕೊಂಡು ಬನ್ನಿ. ಅಜ್ಜ ಇರುವಾಗಲೇ ಅಗಳದ ಪೂರ್ತಿ ದಾರಿ ನೋಡಿಕೊಳ್ಳಬೇಕು. ಅದು ಗುಡ್ಡದ ಹಿಂದೆ ಎಲ್ಲಿ ತಿರುಗಿ ಕಾಲುವೆಗೆ ಸೇರುತ್ತದೆ ಎನ್ನುವುದು ಈಗ ಅವರೊಬ್ಬರಿಗೇ ಗೊತ್ತು. ಊಟ ನಮ್ಮ ಮನೆಯಲ್ಲಿ.

ಇವತ್ತು ಗುರುವಾರ. ಇನ್ನೇನು ಆಶ್ಲೇಷ ಶುರುವಾಗುತ್ತದೆ. ಆಶ್ಲೇಷ ಮಳೆ ಈಸಲಾರದ ಹೊಳೆ ಎನ್ನುತ್ತಾರೆ ನಮ್ಮತ್ತೆ. ಬೆಳಿಗ್ಗೆ ನಾನು ಕೊಡೆ ಹಿಡಿದು ತಿರುವಿನ ತನಕ ಹೋಗಿ ಚರಂಡಿ ನೋಡಿ ಬಂದೆ. ನೀರು ಚೆನ್ನಾಗಿ ಹೋಗುತ್ತಿತ್ತು. ವಾಪಸ್ ಬರುವಾಗ ಕೆಳಗಿನಮನೆ ಜೀಪು ಎದುರಾಯಿತು. ಅಣ್ಣಯ್ಯ ಈ ಸಲ ಇಳಿಯಲಿಲ್ಲ.